ಸತ್ತವಳು ಆರಿಸಿದ ದ್ವೀಪ

"ಮೂರನೇದನ್ನ ನಾನು ತಂದೇ ಇಲ್ಲ, ಗಿರಿಜಾ."

ತೋಂಟದಾರ್ಯನ ಕೈಯಲ್ಲಿದ್ದ ಕಾಫಿ ಲೋಟ ಬಾಯಿ ಮುಟ್ಟದೆ ನಡುವೆಯೇ ನಿಂತುಬಿಟ್ಟಿತ್ತು.

ಗಿರಿಜಾಂಬಿಕಾ ನಕ್ಕಳು. ಗಂಡ ತಮಾಷೆ ಮಾಡುತ್ತಿದ್ದಾನೆಂದೇ ಅವಳೆಣಿಸಿದ್ದಳು. "ನೀವೇ ತಾನೆ ಬೆಂಗಳೂರಿಂದ ತಂದು ರೇಡಿಯೋ ಪಕ್ಕದಲ್ಲಿ ಇಟ್ಟಿದ್ದು? ನೋಡಿ ಆರ್ಸು, ಹನಿಮೂನ್‌ಗೆ ನೀನು ಎಲ್ಲಿಗಂದ್ರೆ ಅಲ್ಲಿಗೆ ಅಂದ್ರಿ. ಆರ್ಸಿದೀನಿ. ಈಗ ಜಾರ್ಕೊಬೇಡಿ."

"ನಾನು ತಂದಿದ್ದು ಎರಡು."

ಮೇಜಿನ ಮೇಲೆ ಬಣ್ಣದ ಪುಸ್ತಿಕೆಗಳು ಮೂರಿದ್ದವು. ಊಟಿಯ ಹೋಟೆಲಿನದು ಒಂದು: ಕಲ್ಲಿನ ಒಲೆಯ ಮುಂದೆ ಒಂದೇ ಶಾಲು ಹೊದ್ದು ಕುಳಿತ ಜೋಡಿ. ಗೋವಾದ ಕಡಲ ದಂಡೆಯದು ಇನ್ನೊಂದು: ಬಣ್ಣದ ಕೊಡೆಗಳು, ಮೈ ಸುಟ್ಟುಕೊಳ್ಳುತ್ತ ಮಲಗಿದ ಬಿಳಿಯರು. ಮೂರನೆಯದು ಶಂಖದ್ವೀಪ. ಕಾರವಾರದ ಆಚೆ, ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲದ ಕಡಲ ನಡುವೆ, ಒಂದಕ್ಕೊಂದು ಕಾಣದ ಹಾಗೆ ಕಟ್ಟಿದ ಕಾಟೇಜುಗಳು. ಏರ್ ಕಂಡೀಷನ್ನು, ನಲ್ಲಿ ತಿರುಗಿಸಿದರೆ ಬಿಸಿನೀರು, ತಳದಲ್ಲಿ ಗಾಜು ಕೂರಿಸಿದ ದೋಣಿ. ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ ಕಡಲು ಕಾಣುವಷ್ಟು ದೊಡ್ಡ ಕಿಟಕಿ.

ಆ ಕಿಟಕಿಗೇ ಗಿರಿಜಾ ಮನಸೋತಿದ್ದಳು. ಕಿಟಕಿಗೆ ಮಾತ್ರ ಅಲ್ಲ. ಆ ಚಿತ್ರದಲ್ಲಿ ಯಾರೂ ಇರಲಿಲ್ಲ. ಅವಳಿಗೆ ಬೇಕಾಗಿದ್ದುದೇ ಅದು, ಮೀನಾಕ್ಷಿ ಕಾಲಿಡದ ಒಂದು ಜಾಗ.

ಮೀನಾಕ್ಷಿ ತೋಂಟದಾರ್ಯನ ಮೊದಲ ಹೆಂಡತಿ. ಶೆಟ್ಟಿಕೆರೆಯ ತೋಟದ ಬಾವಿಯಲ್ಲಿ ಅವಳ ಹೆಣ ತೇಲಿ ನಾಲ್ಕು ವರ್ಷವಾಗಿತ್ತು. ಆದರೂ ತಿಪಟೂರಿನ ಈ ದೊಡ್ಡ ಮನೆಯಲ್ಲಿ ಅವಳೇ ಯಜಮಾನಿ. ಅಟ್ಟದ ಮೇಲೆ ಒಣಗಲು ಹಾಕಿದ ತೆಂಗಿನಕಾಯಿ ಹಾಡಹಗಲಲ್ಲೇ ತಾನಾಗಿ ಉರುಳುತ್ತಿತ್ತು. ಒಳಗಿನ ನೀರು ಹಿಂಗಿ, ಕೊಬ್ಬರಿ ಚಿಪ್ಪು ಬಿಟ್ಟ ಕಾಯಿ ಉರುಳಿದರೆ ಗಡಗಡ ಎನ್ನುತ್ತದೆ. ಆ ಸದ್ದು ಕೇಳಿದಾಗಲೆಲ್ಲ ಅತ್ತೆ ದ್ರಾಕ್ಷಾಯಣಮ್ಮ ಅಡುಗೆ ಮನೆಯಲ್ಲಿ ಕೈಕೆಲಸ ನಿಲ್ಲಿಸಿ ಮೇಲೆ ನೋಡುತ್ತಿದ್ದರು. "ಓಡಾಡ್ತಾಳೆ, ಬುಡು," ಎನ್ನುತ್ತಿದ್ದರು, ಪಕ್ಕದ ಮನೆಯವರ ಬಗ್ಗೆ ಹೇಳುವ ಹಾಗೆ.

ತುರುವೇಕೆರೆಯಲ್ಲಿ ಟೀಚರಾಗಿದ್ದವಳು ಗಿರಿಜಾ. ದೆವ್ವ ಭೂತ ನಂಬದವಳು. ಆದರೆ ಮದುವೆಯಾಗಿ ಬಂದ ಮೇಲೆ, ಅಟ್ಟದ ಕೆಳಗೆ ಹಾದುಹೋಗುವಾಗ ಅವಳ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹುಡುಕುತ್ತಿತ್ತು.

"ಎರಡೋ ಮೂರೋ, ನನಗೆ ಇದೇ ಇಷ್ಟ ಆಯ್ತು," ಎಂದಳು. "ಹೋಗಣ ರೀ."

ತೋಂಟದಾರ್ಯ ಲೋಟ ಕೆಳಗಿಟ್ಟ. ಮೂವತ್ತಾರರ ಆ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅವಳೂ ಇದನ್ನೇ ಆರ್ಸಿದ್ಲು."

"ಯಾರು?"

"ಟಿಕೆಟ್ಟೂ ಆಗಿತ್ತು. ಹೊರಡೋಕೆ ಮುಂಚೆ ಬಾವೀಲಿ..." ಅವನು ಎದ್ದ. ಹೆಗಲಿಗೆ ವಲ್ಲಿ ಹಾಕಿಕೊಂಡು, ಅವಳ ಮುಖ ನೋಡದೆ ಹೇಳಿದ: "ಊಟಿಗೆ ಹೋಗಣ. ನಾನು ಮಂಡಿಯಿಂದ ಬರೋ ಹೊತ್ಗೆ ಆ ಪುಸ್ತಕ ಮನೇಲಿ ಇರ್ಬಾರ್ದು."

ಶನಿವಾರ. ಕೊಬ್ಬರಿ ಹರಾಜಿನ ದಿನ. ಬೀದಿಯಲ್ಲಿ ಕೊಬ್ಬರಿ ಚೀಲ ಹೇರಿದ ಗಾಡಿಗಳ ಸಾಲಿನ ನಡುವೆ ಅವನ ಬಿಳಿ ಅಂಗಿ ಮರೆಯಾಗುವವರೆಗೂ ಗಿರಿಜಾ ಬಾಗಿಲಲ್ಲೇ ನಿಂತಿದ್ದಳು.

ಒಳಗೆ ತಿರುಗಿದಾಗ ಅಟ್ಟದ ಮೇಲೆ ಒಂದು ಕಾಯಿ ಉರುಳಿತು.

*

ಗಿರಿಜಾಳ ಸೋದರಮಾವ ಶಂಭುಲಿಂಗಯ್ಯ ಬಂದಾಗ ಬಿಸಿಲು ನೆತ್ತಿಗೇರಿತ್ತು. ಸರ್ಕಲ್ ಇನ್‌ಸ್ಪೆಕ್ಟರಾಗಿ ರಿಟೈರಾಗಿ ಹಾಲ್ಕುರಿಕೆಯಲ್ಲಿ ತೋಟ ಮಾಡಿಕೊಂಡಿದ್ದ ಆಸಾಮಿ. ಕೊಬ್ಬರಿ ಮಾರಲು ಮಂಡಿಗೆ ಬಂದ ದಿನ ಸೋದರ ಸೊಸೆಯ ಮನೆಯಲ್ಲಿ ಊಟ ತಪ್ಪಿಸುತ್ತಿರಲಿಲ್ಲ. ಮೂರು ತಾಲ್ಲೂಕಿನ ಕಳ್ಳರಿಗೆ ಅವರ ಮೀಸೆಗಿಂತ ಅವರ ಮಾತಿನದೇ ಭಯವಿತ್ತು. ಯಾವ ಪ್ರಶ್ನೆಯನ್ನಾದರೂ "ಮನೇಲೆಲ್ಲ ಚೆನ್ನಾಗಿದಾರಾ" ಎಂದು ಕೇಳುವ ಧಾಟಿಯಲ್ಲೇ ಕೇಳುತ್ತಿದ್ದರು.

ಪುಸ್ತಿಕೆಯನ್ನು ಕೈಗೆ ತೆಗೆದುಕೊಂಡವರು ಮೊದಲು ನಕ್ಕರು.

"ಅಲ್ಲ ಕಣವ್ವ, ತೆಂಗಿನ ಗರಿ ಕೆಳಗೇ ಹುಟ್ಟಿ ತೆಂಗಿನ ಗರಿ ಕೆಳಗೇ ಬೆಳೆದೋಳು, ತೆಂಗಿನ ಮರ ನೋಡಕ್ಕೆ ದೋಣಿ ಹತ್ತಿ ಹೋಗ್ತೀಯಾ? ನಮ್ಮ ತೋಟಕ್ಕೆ ಬಾ, ಬಿಟ್ಟಿ ತೋರಿಸ್ತೀನಿ."

"ಮಾವ, ನಗಬೇಡಿ." ಗಿರಿಜಾ ಬೆಳಗಿನದನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ತಗ್ಗಿತು. "ಸತ್ತೋಳು ಆರ್ಸಿದ ಜಾಗಾನೇ ನನ್ನ ಕೈಲಿ ಆರ್ಸಿದಾಳೆ ಅನ್ನಿಸ್ತಿದೆ. ನನಗೆ ಹುಚ್ಚಾ?"

ಶಂಭುಲಿಂಗಯ್ಯನವರ ನಗು ನಿಂತಿತು. ಪುಸ್ತಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಂದೆ, ಹಿಂದೆ, ಅಂಚು.

"ಇದು ಆ ಹುಡುಗಿ ಇಟ್ಕೊಂಡಿದ್ದ ಹಳೇದಲ್ಲ. ಮೂಲೆ ಮುದುರಿಲ್ಲ, ಬಣ್ಣ ಮಾಸಿಲ್ಲ. ದರ ಎಂಬತ್ತೈದನೇ ಇಸ್ವೀದು, ಈ ವರ್ಷದ್ದೇ. ದೆವ್ವ ಹಳೇದು ತರಬಹುದು ಮಗಾ, ಹೊಸದಾಗಿ ಪ್ರಿಂಟಾಗಿದ್ದು ತರಲ್ಲ."

"ಹಂಗಾದ್ರೆ?"

"ಯಾರೋ ತಂದಿದಾರೆ. ಕಾಲಿರೋರು." ಅವರು ಪುಸ್ತಿಕೆಯನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ಹಿಂದಿನ ರಟ್ಟನ್ನು ಓರೆಯಾಗಿಸಿ ಅವಳಿಗೆ ತೋರಿಸಿದರು. ನೀಲಿ ಕಡಲಿನ ಚಿತ್ರದ ಮೇಲೆ ಬೂದು ಬಿಳುಪಿನ ಒಂದು ಗುರುತು. ಹೆಬ್ಬೆರಳಿನದು.

"ವಿಭೂತಿ," ಎಂದಳು ಗಿರಿಜಾ.

"ಈ ಮನೇಲಿ ವಿಭೂತಿ ಯಾರ್ಯಾರು ಮುಟ್ತಾರೆ?"

"ಎಲ್ರೂ ಮುಟ್ತೀವಿ ಮಾವ. ಸ್ನಾನ ಆದ್ಮೇಲೆ ಹಣೆಗೆ ಹಚ್ಕೊಳ್ಳಲ್ವಾ?"

"ಹಚ್ಕೊಂಡ ಮೇಲೆ ಕೈ ತೊಳೀತೀವಿ, ಇಲ್ಲಾ ಒರೆಸ್ಕೋತೀವಿ. ಇದು ಹಂಗಲ್ಲ. ವಿಭೂತಿ ಗಟ್ಟಿ ಪಕ್ಕದಲ್ಲೇ ಈ ಪುಸ್ತಕ ಇಟ್ಟು, ದಿನಾ ತೆಗೆದು ನೋಡಿ, ಮತ್ತೆ ಅಲ್ಲೇ ಇಟ್ಟಿದಾರೆ. ವಾಸ್ನೆ ಹತ್ಕೊಂಡಿದೆ ನೋಡು."

ಗಿರಿಜಾ ಮೂಸಿದಳು. ವಿಭೂತಿ, ಪತ್ರೆ, ಎಣ್ಣೆ ದೀಪದ ಕಮಟು. ದೇವರ ಮನೆಯ ವಾಸನೆ.

ಅವಳ ತಲೆಯೊಳಗೆ ಏನೋ ಚುರ್ ಎಂದಿತು. ಮೊನ್ನೆ ಇದೇ ಪಡಸಾಲೆಯಲ್ಲಿ ಪುಸ್ತಿಕೆಗಳನ್ನು ಹರವಿಕೊಂಡು ಕೂತಾಗ ಅತ್ತೆ ಬಂದು ನಿಂತಿದ್ದರು. ಊಟಿಯ ಚಿತ್ರ ನೋಡಿ "ಚಳೀಗೆ ನಡುಗಕ್ಕೂ ಬಾಡಿಗೆ ಕೊಡ್ಬೇಕೇನೇ?" ಎಂದಿದ್ದರು. ಗೋವಾಕ್ಕೆ "ಥೂ, ಬಟ್ಟೆ ಇಲ್ದೋರ ಊರು" ಎಂದಿದ್ದರು. ದ್ವೀಪದ ಚಿತ್ರ ತೋರಿಸಿದಾಗ ಮಾತ್ರ ಏನೂ ಅನ್ನಲಿಲ್ಲ. ಯಾವುದಕ್ಕೂ ಒಂದು ಮಾತು ಕುಟುಕದೆ ಬಿಡದ ಬಾಯಿ ಅದು.

"ಅತ್ತೆ," ಎಂದಳು ಪಿಸುಮಾತಿನಲ್ಲಿ.

"ನನಗೂ ಹಂಗೇ ಕಾಣ್ತದೆ. ನಾನು ಕೇಳ್ಲಾ, ನೀನು ಕೇಳ್ತೀಯಾ?"

ಪೋಲೀಸು ಕೇಳಿದರೆ ಅತ್ತೆ ಬಾಯಿ ಬಿಡುವುದಿಲ್ಲ. ಗಿರಿಜಾ ಸೆರಗು ಸಿಕ್ಕಿಸಿಕೊಂಡು ಎದ್ದಳು.

*

ದೇವರ ಮನೆಯ ಹೊಸ್ತಿಲ ಬಳಿ ದ್ರಾಕ್ಷಾಯಣಮ್ಮ ಪತ್ರೆ ಬಿಡಿಸುತ್ತಾ ಕುಳಿತಿದ್ದರು. ಸೊಸೆ ಪುಸ್ತಿಕೆಯನ್ನು ಅವರ ಮುಂದೆ ನೆಲದ ಮೇಲಿಟ್ಟಳು.

"ಅತ್ತೆ, ಇದನ್ನ ನೀವು ಯಾಕೆ ತಂದಿಟ್ರಿ?"

ಪತ್ರೆ ಬಿಡಿಸುವ ಕೈ ನಿಲ್ಲಲಿಲ್ಲ. "ನಾನ್ಯಾಕೆ ತರ್ಲಿ? ಓದಕ್ಕೆ ಬರ್ದೋಳಿಗೆ ಇಂಗ್ಲೀಷ್ ಪುಸ್ತಕ ಯಾಕೆ?"

"ನಿಮ್ಮ ಹೆಬ್ಬೆಟ್ಟು ಇದೆ ಇದ್ರ ಮೇಲೆ. ನಿಮ್ಮ ದೇವ್ರ ಮನೆ ವಾಸ್ನೆ ಇದೆ."

ಮುದುಕಿ ತಲೆಯೆತ್ತಿದರು. ಸೊಸೆಯ ಬೆನ್ನ ಹಿಂದೆ, ಕಂಬಕ್ಕೆ ಒರಗಿ ನಿಂತ ಶಂಭುಲಿಂಗಯ್ಯನವರನ್ನು ಕಂಡು ಕಣ್ಣು ಕಿರಿದಾದವು.

"ಓಹೋ. ಇನ್‌ಸ್ಪೆಕ್ಟ್ರು ಊಟಕ್ಕೆ ಬಂದಿದಾರೆ ಅಂತಿದ್ದೆ. ತನಿಖೆಗೆ ಬಂದಿದಾರಾ?"

"ಊಟಕ್ಕೇ ಬಂದಿದ್ದು ಅಕ್ಕಾ. ತನಿಖೆ ಅಡ್ಡ ಬಂತು."

"ಅತ್ತೆ, ನನ್ನ ಮುಖ ನೋಡಿ." ಗಿರಿಜಾ ಅವರ ಎದುರಿಗೆ ಕುಳಿತುಬಿಟ್ಟಳು. "ಇದನ್ನ ಕಂಡು ನಿಮ್ಮ ಮಗನ ಮುಖ ಹೆಣದ ಹಾಗಾಯ್ತು. ಅವರಿಗೆ ಹಂಗಾಗ್ಲಿ ಅಂತ್ಲೇ ಇಟ್ರಾ? ಇಲ್ಲ ನನ್ನ ಹೆದರಿಸಿ ತುರುವೇಕೆರೆಗೆ ಓಡಿಸಕ್ಕಾ?"

"ನಿನ್ನ ಓಡಿಸಕ್ಕೆ ನಂಗೇನೇ ಬಂದಿರೋದು!" ಪತ್ರೆ ನೆಲಕ್ಕೆ ಚೆಲ್ಲಿತು. "ನೀನು ಈ ಮನೇಲಿ ಉಳೀಬೇಕು ಅಂತ್ಲೇ ಇಟ್ಟೆ. ಅವಳು ಕೇಳ್ದಳು, ಕೊಟ್ಟೆ."

"ಯಾರು ಕೇಳಿದ್ದು?"

ಅಟ್ಟದ ಮೇಲೆ ಗಡಗಡ ಸದ್ದಾಯಿತು. ಕಾಯಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಉರುಳಿ, ಗೋಡೆಗೆ ತಾಗಿ ನಿಂತಿತು. ಮೂವರೂ ಮೇಲೆ ನೋಡಿದರು. ಮೊದಲು ಕಣ್ಣು ಕೆಳಗಿಳಿಸಿದವರು ದ್ರಾಕ್ಷಾಯಣಮ್ಮ.

"ಚೌಡೀನ ಕರಿ," ಎಂದರು. "ಅವಳ ಬಾಯಲ್ಲೇ ಕೇಳು."

ಮನೆಗೆಲಸದ ಚೌಡಮ್ಮ ಹಿತ್ತಿಲಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ರಟ್ಟೆಯಲ್ಲಿ ಹೊಸ ತಾಯಿತ. ಪುಸ್ತಿಕೆ ಕಂಡದ್ದೇ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ನಂದೇನೂ ತಪ್ಪಿಲ್ಲ ಕಣ್ರವ್ವ. ಸೊಪ್ಪು ತರಕ್ಕೆ ಬಸ್‌ಸ್ಟ್ಯಾಂಡ್ ತಾವ ಹೋಗಿದ್ದೆ. ತಲೆ ತುಂಬಾ ಸೆರಗು ಹೊದ್ಕಂಡು ಒಬ್ಬಮ್ಮ ಬಂದ್ಲು. 'ಚೌಡೀ' ಅಂದ್ಲು. ಆ ಕೂಗು ಕೇಳೇ ನನ್ನ ಜೀವ ಹಾರೋಯ್ತು. ನನ್ನ ಹಂಗೆ ಎಳ್ದು ಕೂಗ್ತಿದ್ದೋರು ಮೀನಾಕ್ಷವ್ವಾರು ಒಬ್ರೇಯ."

"ಮುಖ ಕಂಡೆಯಾ?" ಶಂಭುಲಿಂಗಯ್ಯ ಕೇಳಿದರು.

"ಅರ್ಧ ಮುಖ ಕಾಣ್ತು ಬುದ್ಧಿ. ಅವರೇಯ. ಮೊದ್ಲಿಗಿಂತ ಕಪ್ಪಗಾಗವ್ರೆ, ಸೊರಗವ್ರೆ. 'ಇದನ್ನ ಅತ್ತೆ ಕೈಗೆ ಕೊಡು. ನಾನು ನೋಡ್ಬೇಕು ಅಂತಿದ್ದ ಜಾಗ. ನನ್ನ ಆಸೆ ತೀರ್ಸು ಅಂತ ಅವರ ಮಗನಿಗೆ ಹೇಳಕ್ಕೇಳು' ಅಂದ್ರು. ಈ ಪುಸ್ತಕ ಕೈಗಿಟ್ರು. ನಾನು ಕಣ್ಮುಚ್ಚಿ ನಮ್ಮ ದೇವ್ರು ಚೌಡಮ್ಮನ್ನ ನೆನೆಸ್ಕಂಡು ಕಣ್ಬಿಡೋ ಹೊತ್ಗೆ ಅಲ್ಲಿ ಯಾರೂ ಇಲ್ಲ. ಬಸ್ಸು ಹೊಂಟಿತ್ತು, ಅಷ್ಟೇಯ. ಮೂರ್ಹೊತ್ತು ಜ್ವರ ಬಂತು ನಂಗೆ."

"ಕೈ ಬಿಸಿ ಇತ್ತಾ, ತಣ್ಣಗಿತ್ತಾ?"

ಚೌಡಮ್ಮ ಗಲಿಬಿಲಿಗೊಂಡಳು. "ಕೈಯಾ? ಬೆವತಿತ್ತು ಬುದ್ಧಿ."

ಶಂಭುಲಿಂಗಯ್ಯ ತಲೆಯಾಡಿಸಿದರು. ಚೌಡಮ್ಮ ಹಿತ್ತಿಲಿಗೆ ಓಡಿದಳು.

ದ್ರಾಕ್ಷಾಯಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಆಸೆ ತೀರ್ದೆ ಹೋದೋಳು. ಸಮುದ್ರ ಅಂದ್ರೆ ಪ್ರಾಣ ಬಿಡೋಳು. ಗಂಡ ಹೆಂಡ್ತಿ ಹೊಸ ಪೆಟ್ಟಿಗೆ ತಂದಿದ್ರು ಆವತ್ತು. ಈಗ ನೀವಿಬ್ರೂ ಹೋಗಿ ಅವಳ ಹೆಸರಲ್ಲಿ ಆ ನೀರಿಗೆ ಒಂದು ಹಿಡಿ ಹೂವು ಬಿಟ್ಟು ಬಂದ್ರೆ ಅಟ್ಟ ಸುಮ್ಮನಾಗ್ತದೆ, ನಿನ್ನ ಮಡ್ಲು ತುಂಬ್ತದೆ ಅಂತ ದೇವ್ರ ಮುಂದಿಟ್ಟು ಬೇಡ್ಕೊಂಡೆ. ತೋಂಟನಿಗೆ ಹೇಳಿದ್ರೆ ಕೇಳಲ್ಲ. ಅದಕ್ಕೆ ನಿನ್ನ ಕೈಲೇ ಆರ್ಸಲಿ ಅಂತ ಅವೆರಡರ ಮಧ್ಯೆ ಸೇರ್ಸಿದೆ."

ಗಿರಿಜಾಗೆ ಆ ಮುದಿ ಕೈಗಳನ್ನು ಹಿಡಿದುಕೊಳ್ಳಬೇಕೆನಿಸಿತು. ಇಷ್ಟು ದಿನ ತನ್ನನ್ನು ಸಹಿಸದವರೆಂದುಕೊಂಡಿದ್ದ ಅತ್ತೆ ತನಗಾಗಿಯೇ ದೇವರ ಮುಂದೆ ಬೇಡಿಕೊಂಡಿದ್ದರು. ಅವಳು ಕೈ ಚಾಚುವಷ್ಟರಲ್ಲಿ ಸೋದರಮಾವ ಬಂದು ಪಕ್ಕದಲ್ಲೇ ಚಕ್ಕಳ ಮಕ್ಕಳ ಹಾಕಿ ಕುಳಿತರು.

"ಅಕ್ಕಾ, ಒಂದು ಮಾತು. ಬಾವಿಯಿಂದ ಎತ್ತಿದ ಹೆಣಾನ ನೀವು ನೋಡಿದ್ರಾ?"

"ನಾನೇ ಮೈ ತೊಳೆದೆ."

"ಮುಖ?"

ದ್ರಾಕ್ಷಾಯಣಮ್ಮ ಚೆಲ್ಲಿದ ಪತ್ರೆಯನ್ನು ಒಂದೊಂದಾಗಿ ಆಯ್ದುಕೊಂಡರು. "ಮುಖ ಎಲ್ಲಿತ್ತು ಶಂಭಣ್ಣ? ದಿನಗಟ್ಟಲೆ ನೀರಲ್ಲಿತ್ತು. ಮೀನು, ಆಮೆ... ನೇರಳೆ ಬಣ್ಣದ ಸೀರೆ ಅವಳದೇ. ನಾನೇ ಗೌರಿ ಹಬ್ಬಕ್ಕೆ ಕೊಡ್ಸಿದ್ದು. ತೋಂಟನೂ ಅವಳೇ ಅಂದ. ಪೋಲೀಸ್ನೋರು ಬರ್ಕೊಂಡ್ರು. ಕತ್ತಲಾಗೋದ್ರೊಳಗೆ ತೋಟದಲ್ಲೇ ಸಮಾಧಿ ಮಾಡಿದ್ವಿ."

"ಕೊರಳಲ್ಲಿ ಲಿಂಗ ಇತ್ತಾ?"

ಕೇಳಿದ್ದು ಮೆಲ್ಲಗೆ, ಮನೇಲೆಲ್ಲ ಚೆನ್ನಾಗಿದಾರಾ ಎನ್ನುವ ಹಾಗೆಯೇ. ಆದರೆ ದ್ರಾಕ್ಷಾಯಣಮ್ಮನ ಮುಖಕ್ಕೆ ಯಾರೋ ಹೊಡೆದಂತಾಯಿತು.

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ಕೇಳ್ದೆ."

"ಇರ್ಲಿಲ್ಲ." ಆ ಮಾತು ಹೊರಬರಲು ನಾಲ್ಕು ವರ್ಷ ಹಿಡಿದಿತ್ತು. "ಕರಡಿಗೇನೂ ಇಲ್ಲ, ಶಿವದಾರಾನೂ ಇಲ್ಲ. ನಾನು ಕಿರಿಚ್ಕೊಂಡೆ. ಮೀನಾಕ್ಷಿ ಸ್ನಾನಕ್ಕೂ ಲಿಂಗ ಬಿಚ್ಚಿಟ್ಟೋಳಲ್ಲ. ತೋಂಟ ನನ್ನ ಬಾಯಿ ಮುಚ್ಚಿಸ್ದ. ಬೀಳೋವಾಗ ಕಳಚ್ಕೊಂಡು ಬಾವಿ ತಳದಲ್ಲಿರ್ತದೆ, ಲಿಂಗ ಕಳ್ಕೊಂಡು ಸತ್ತೋಳು ಅಂತ ಊರೋರು ಆಡ್ಕೊಳ್ಳೋದು ಬೇಡ ಅಂದ. ಅಯ್ನೋರು ಬೇರೆ ಲಿಂಗ ಕಟ್ಟಿ ಸಂಸ್ಕಾರ ಮಾಡಿದ್ರು."

"ಆ ಬಾವಿ ಹೂಳು ತೆಗೆಸಿದ್ರಾ ಆಮೇಲೆ?"

"ಮಾರನೇ ಬೇಸಿಗೇಲಿ ಬತ್ತಿತ್ತು. ತೆಗೆಸಿದ್ವಿ. ನಾನೇ ಮುಂದೆ ನಿಂತು ಒಂದೊಂದು ಮಂಕರಿ ಕೆಸರನ್ನೂ ಕಿವುಚಿ ನೋಡ್ದೆ. ಒಂದು ಹಳೇ ಕುಡುಗೋಲು ಸಿಕ್ತು. ಕೊಡದ ಕಂಠ ಸಿಕ್ತು." ಅವರ ದನಿ ಒಡೆಯಿತು. "ಬೆಳ್ಳಿ ಕರಡಿಗೆ ಸಿಗಲಿಲ್ಲ."

ಗಿರಿಜಾಳ ಬೆರಳುಗಳು ತನ್ನ ಕರಡಿಗೆಯ ಮೇಲೆ ಬಿಗಿದವು. ದೇವರ ಮನೆಯ ದೀಪ ಸುಮ್ಮನೆ ಉರಿಯುತ್ತಿತ್ತು. ಶೆಟ್ಟಿಕೆರೆಯ ತೋಟದಲ್ಲಿ ತಾನು ಹೋದಾಗಲೆಲ್ಲ ಹೂವಿಟ್ಟು ಕೈಮುಗಿದ ಆ ಸಮಾಧಿ ಅವಳ ಕಣ್ಣಿಗೆ ಕಟ್ಟಿತು. ಕೈಮುಗಿದದ್ದು ಯಾರಿಗೆ?

"ಮಾವ, ಮೀನಾಕ್ಷಿ ಸತ್ತಿಲ್ಲವಾ?"

"ಅಷ್ಟು ದೂರ ನಾನಿನ್ನೂ ಹೋಗಿಲ್ಲ. ಯಾರೋ ಸತ್ತಿದಾರೆ, ಅದು ನಿಜ. ಆ ಹೆಣ ನಮ್ಮ ಜಾತಿ ಹೆಣ್ಣಿನದಲ್ಲ ಅನ್ನೋದು ನನ್ನ ಅನುಮಾನ. ಅದಕ್ಕೆ ಮೀನಾಕ್ಷಿ ಸೀರೆ ಉಡಿಸಿದೋರು ಯಾರು? ಇದು ಮೊದಲ್ನೇ ಪ್ರಶ್ನೆ." ಅವರು ಎರಡನೆಯದನ್ನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಆ ಹೆಣವನ್ನು ತನ್ನ ಹೆಂಡತಿಯೆಂದು ಗುರುತು ಹಿಡಿದವನು ತೋಂಟದಾರ್ಯ.

"ನನ್ನ ಮಗ ಅಂಥೋನಲ್ಲ!" ದ್ರಾಕ್ಷಾಯಣಮ್ಮ ಎದ್ದು ನಿಂತರು. "ಆವತ್ತಿಂದ ಒಂದು ಹೊತ್ತು ನೆಟ್ಟಗೆ ಉಂಡಿಲ್ಲ ಅವನು. ಇವಳು ಬಂದ್ಮೇಲೇ ಅವನು ನಕ್ಕಿದ್ದು ನಾನು ನೋಡಿದ್ದು. ಕೇಳಿ ಬೇಕಾದ್ರೆ!"

ಅತ್ತೆ ಹೇಳಿದ್ದು ನಿಜ. ಅವನು ನಕ್ಕಾಗ ಎಡಗೆನ್ನೆಯಲ್ಲಿ ಬೀಳುವ ಗುಳಿಗೇ ಗಿರಿಜಾ ಆ ಎರಡನೇ ಸಂಬಂಧಕ್ಕೆ ಹೂಂ ಅಂದಿದ್ದು. ಬೆಳಗ್ಗೆ ಆ ಮುಖದಲ್ಲಿ ಕಂಡದ್ದು ದುಃಖವೋ ಭಯವೋ ಎಂದು ಅವಳೀಗ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಮೊದಲ ಹೆಂಡತಿಯನ್ನು ನೆನೆದು ಅಳುವ ಗಂಡನೊಂದಿಗೆ ಬಾಳಬಹುದು. ಅವಳ ಹೆಸರು ಕೇಳಿ ಹೆದರುವ ಗಂಡನೊಂದಿಗೆ?

*

ಫೋನು ಮಾಡೋಣ ಎಂದವಳು ಗಿರಿಜಾಳೇ.

"ಬಸ್‌ಸ್ಟ್ಯಾಂಡ್‌ಗೆ ಬಂದೋಳು ಈ ಪುಸ್ತಕ ಎಲ್ಲಿಂದ ತಂದ್ಲು? ದ್ವೀಪದಿಂದ್ಲೇ ಬಂದಿದ್ರೆ ಅಲ್ಲಿ ಯಾರಾದ್ರೂ ಅವಳನ್ನ ಕಂಡಿರ್ತಾರೆ. ರೂಮು ಬೇಕು ಅಂತ ಕೇಳ್ತೀನಿ. ಹನಿಮೂನ್‌ಗೆ ಹೋಗೋಳು ತಾನೆ ನಾನು?"

ಶಂಭುಲಿಂಗಯ್ಯ ಅವಳನ್ನು ಒಮ್ಮೆ ನೋಡಿ, "ಅರ್ಜೆಂಟ್ ಕಾಲ್ ಹಾಕು," ಎಂದರು.

ಟ್ರಂಕ್ ಕಾಲು ಬುಕ್ ಮಾಡಿ ಕಾಯುವ ಹೊತ್ತು ಪಡಸಾಲೆಯಲ್ಲಿ ಮೂವರೂ ಕುಳಿತರು. ಎಲೆ ಹಾಕಿದ್ದರೂ ಊಟಕ್ಕೆ ಯಾರೂ ಏಳಲಿಲ್ಲ. ದ್ರಾಕ್ಷಾಯಣಮ್ಮ ಕಣ್ಣು ಮುಚ್ಚಿ ತುಟಿಯಾಡಿಸುತ್ತಿದ್ದರು. ಹೊರಗೆ ಬೀದಿಯಲ್ಲಿ ಹರಾಜು ಮುಗಿದ ಗಾಡಿಗಳು ಹಿಂತಿರುಗುವ ಸದ್ದು. ಗಿರಿಜಾ ಕಪ್ಪು ಫೋನನ್ನೇ ನೋಡುತ್ತಿದ್ದಳು. ಅದು ಬಡಿದುಕೊಂಡಾಗ ಮೂವರೂ ಬೆಚ್ಚಿಬಿದ್ದರು.

"ಶಂಖದ್ವೀಪ ಲೈನಿಗೆ ಬಂದಿದೆ, ಮಾತಾಡಿ," ಎಂದಳು ಎಕ್ಸ್‌ಚೇಂಜಿನವಳು.

ಗರಗರ ಸದ್ದಿನ ಆಚೆಯಿಂದ ಒಬ್ಬ ಗಂಡಸಿನ ಉತ್ಸಾಹದ ದನಿ. ಕರಾವಳಿಯ ಕನ್ನಡ. "ನಮಸ್ಕಾರ ಮೇಡಂ. ಎಷ್ಟು ದಿನಕ್ಕೆ ಕಾಟೇಜು ಬೇಕಿತ್ತು?"

"ನಾವಿಬ್ಬರು. ಗಂಡ ಹೆಂಡತಿ. ಕಡಲು ಕಾಣೋ ಕಿಟಕಿ ಇರೋದು," ಎಂದಳು ಗಿರಿಜಾ. ತನ್ನ ದನಿ ಇಷ್ಟು ಸಲೀಸಾಗಿದ್ದುದು ಅವಳಿಗೇ ಆಶ್ಚರ್ಯ. "ತಿಪಟೂರಿಂದ ಮಾತಾಡ್ತಿರೋದು."

"ತಿಪಟೂರಾ?" ಆ ಕಡೆ ಕಾಗದ ಮಗುಚಿದ ಸದ್ದು. "ತೋಂಟದಾರ್ಯ ಅಂತಲಾ ಮೇಡಂ, ಯಜಮಾನರ ಹೆಸರು?"

"ನಿಮಗೆ ಹೇಗೆ ಗೊತ್ತು?"

"ಇಲ್ಲಿ ಕಾಟೇಜುಗಳ ಉಸ್ತುವಾರಿ ನೋಡುವ ಮೇಡಂ ನಿಮ್ಮ ಕಡೆಯವರೇ ಅಲ್ಲವಾ? ತಿಪಟೂರಿಂದ ಆ ಹೆಸರಲ್ಲಿ ಫೋನು ಬಂದರೆ ತಮಗೇ ಕೊಡಬೇಕು ಅಂತ ಹೇಳಿಟ್ಟಿದ್ದಾರೆ. ಇಲ್ಲೇ ಇದ್ದಾರೆ, ಒಂದು ನಿಮಿಷ."

ಫೋನು ಕೈ ಬದಲಾಯಿಸಿದ ಸದ್ದು. ದೂರದಲ್ಲಿ ಯಾವುದೋ ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಯಾರೋ ಉಸಿರಾಡುತ್ತಿದ್ದರು. ಉಸಿರಿನ ಹಿಂದೆ ಇನ್ನೊಂದು ಉಸಿರು, ಬಹಳ ದೊಡ್ಡದು. ಅದು ಕಡಲೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಯಾರು, ಗಿರಿಜಾನಾ?"

ಹೆಂಗಸಿನ ದನಿ. ತಿಪಟೂರಿನ ಮಾತು. ಗಿರಿಜಾ ಅತ್ತೆಯ ಕಡೆ ತಿರುಗಿದಳು.

"ಅತ್ತೆ ಪಕ್ಕದಲ್ಲೇ ಇದಾರೇನಮ್ಮ? ಕಾಲುನೋವು ಹೆಂಗಿದೆ ಅಂತ ಕೇಳು. ಹರಳೆಣ್ಣೆ ಬಿಸಿ ಮಾಡಿ ತಿಕ್ಕು. ಅವರಾಗೇ ಕೇಳಲ್ಲ."

ಗಿರಿಜಾ ರಿಸೀವರನ್ನು ಅತ್ತೆಯ ಕಿವಿಗೆ ಹಿಡಿದಳು. ಆ ಕಡೆಯವಳು ಏನೆಂದಳೋ, ದ್ರಾಕ್ಷಾಯಣಮ್ಮನ ಕಣ್ಣಿಂದ ನೀರು ಧಾರೆಧಾರೆಯಾಗಿ ಇಳಿಯಿತು. "ಅವಳೇ," ಎಂದರು, ಯಾರಿಗೂ ಅಲ್ಲ. "ಅವಳೇ ಕಣೋ ಶಂಭಣ್ಣ." ಹಾಗೆಯೇ ಕಂಬ ಹಿಡಿದು ನೆಲಕ್ಕೆ ಕುಸಿದರು. ಶಂಭುಲಿಂಗಯ್ಯ ಅವರನ್ನು ಹಿಡಿದುಕೊಳ್ಳಲು ಧಾವಿಸಿದರು.

ಗಿರಿಜಾ ರಿಸೀವರನ್ನು ಮತ್ತೆ ಕಿವಿಗೆ ಒತ್ತಿಕೊಂಡಳು. "ನೀವು... ನಿಮಗೆ ಏನು ಬೇಕು?"

"ನಿನ್ನ ಮೇಲೆ ನಂಗೆ ಕೋಪ ಇಲ್ಲಮ್ಮ." ಆ ದನಿಯಲ್ಲಿ ನಿಜಕ್ಕೂ ಕೋಪವಿರಲಿಲ್ಲ. ಅದೇ ಹೆಚ್ಚು ಹೆದರಿಸುವಂತಿತ್ತು. "ಒಳ್ಳೇ ಹುಡುಗಿ ಅಂತ ಕೇಳಿದೀನಿ. ಅದಕ್ಕೇ ಹೇಳ್ತಿದೀನಿ. ನೀನು ಬರ್ಬೇಡ. ಅವರೊಬ್ಬರನ್ನೇ ಕಳ್ಸು."

"ಯಾಕೆ? ಅವರೇನು ಮಾಡಿದ್ರು ನಿಮಗೆ?"

"ನಂಗಲ್ಲ. ತೋಟದಲ್ಲಿ ಮಲಗಿದಾಳಲ್ಲ, ಅವಳಿಗೆ."

"ಅವಳು ಯಾರು? ಹೇಳಿ, ಅವಳು ಯಾರು?"

ಗರಗರ ಸದ್ದು ಏರಿತು. ಕಡಲಿನ ಉಸಿರು ಹತ್ತಿರ ಬಂದು, ದೂರ ಸರಿದು, ಲೈನು ಕಟ್ಟಾಯಿತು. "ಹಲೋ, ಹಲೋ," ಎಂದು ಗಿರಿಜಾ ಕೂಗಿದ್ದಕ್ಕೆ ಎಕ್ಸ್‌ಚೇಂಜಿನವಳೂ ಓಗೊಡಲಿಲ್ಲ.

ರಿಸೀವರು ಇಟ್ಟು ಅವಳು ತಿರುಗಿದಳು.

ಬಾಗಿಲಲ್ಲಿ ತೋಂಟದಾರ್ಯ ನಿಂತಿದ್ದ. ಮಂಡಿಯಿಂದ ಯಾವಾಗ ಬಂದನೋ, ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬಿಸಿಲಿಗೆ ಬೆನ್ನು ಮಾಡಿದ್ದರಿಂದ ಮುಖ ಕಾಣುತ್ತಿರಲಿಲ್ಲ. ಅಮ್ಮ ನೆಲದ ಮೇಲೆ ಬಿದ್ದಿದ್ದರು, ಅವನು ಆ ಕಡೆ ನೋಡಲಿಲ್ಲ. ಮಾಜಿ ಇನ್‌ಸ್ಪೆಕ್ಟರು ತಲೆಯೆತ್ತಿ ತನ್ನನ್ನೇ ದಿಟ್ಟಿಸುತ್ತಿದ್ದರು, ಅದಕ್ಕೂ ಅಳುಕಲಿಲ್ಲ. ಅವನ ಕಣ್ಣು ಇದ್ದುದು ಹೆಂಡತಿಯ ಮೇಲೆ ಮಾತ್ರ.

ಯಾರ ಫೋನು ಎಂದು ಕೇಳುತ್ತಾನೆ, ಏನಾದರೊಂದು ಸುಳ್ಳು ಹೇಳಬೇಕು ಎಂದು ಗಿರಿಜಾ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು.

ಅವನು ಅದನ್ನು ಕೇಳಲಿಲ್ಲ. ಒಳಗೆ ಬಂದು, ಬಾಗಿಲನ್ನು ಹಿಂದಕ್ಕೆ ತಳ್ಳಿ, ಅಗುಳಿ ಹಾಕಿದ.

"ಏನಂದ್ಲು ಮೀನಾಕ್ಷಿ?" ಎಂದ.